ಫೈಬರ್ ಬಾನೆಟ್ಟಿನ ದುರಸ್ತಿ ಮತ್ತು ಶ್ವಾಸಕೋಶದ ರಕ್ಷಣೆ

ಆರೋಗ್ಯ ವಿಭಾಗದಲ್ಲಿ ವಾಹನದ ಬಾನೆಟ್ಟಿನ ಮಾತೇಕೆ ಎಂದು ಸದ್ಭಕ್ತರು ಕೇಳಬಹುದು. ಕಾರಣವಿದೆ. ಹೊಸಪೇಟೆ, ಸಂಡೂರು, ಕಂಪ್ಲಿಯ ಕಡೆಯಿಂದ ಕೆಮ್ಮು, ಉಬ್ಬಸ, ಮೈತುರಿಕೆ ಎಂದು ಬರುವ ಯುವಕರನ್ನು ಕೂರಿಸಿಕೊಂಡು ಇತ್ತೀಚೆಗೆ ಯಾವ ಕೆಲಸ ಮಾಡಿದಿರಿ ಎಂದು ವಿಚಾರಿಸಿದಾಗ, ಕೆಲವರಾದರೂ ಮನೆಯಂಗಳದಲ್ಲಿ ಜೀಪಿನ ಫೈಬರ್ ಮೇಲ್ಛಾವಣಿಗೋ ಟ್ರ್ಯಾಕ್ಟರಿನ ಬಾನೆಟ್ಟಿಗೋ ತೇಪೆ ಹಾಕಿ, ಬಣ್ಣ ಹೊಡೆದ ಸಂಗತಿಯನ್ನು ಹೇಳುತ್ತಾರೆ. ಇದನ್ನು ಅವರಾಗಿಯೇ ಹೇಳುವುದಿಲ್ಲ. ಅದಕ್ಕೂ ಕೆಮ್ಮಿಗೂ ಸಂಬಂಧವಿರಬಹುದೆಂದು ಅವರಿಗೆ ತೋಚಿರುವುದಿಲ್ಲ.

ಫೈಬರ್ ಶರೀರದ ವಾಹನ ನಮ್ಮ ನಾಡಿಗೆ ಹೊಸದೇನಲ್ಲ. 1970ರ ದಶಕದಲ್ಲಿಯೇ ಬೆಂಗಳೂರಿನಲ್ಲಿ 'ಬಾದಲ್' ಎಂಬ ಮೂರು ಚಕ್ರದ ಕಾರು ತಯಾರಾಗುತ್ತಿತ್ತು. ಅದರ ಮೈಯೆಲ್ಲ ಫೈಬರ್ ಗ್ಲಾಸ್. 1982ರಲ್ಲಿ ಸಿಪಾನಿ ಸಂಸ್ಥೆಯವರು ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಮಾದರಿಯಲ್ಲಿ 'ಡಾಲ್ಫಿನ್' ಎಂಬ ಪುಟ್ಟ ಕಾರನ್ನು ಹೊರತಂದರು. ನನ್ನ ವಯಸ್ಸಿನವರಿಗೆ ಅದರ ನೆನಪಿರಬೇಕು. ತುಕ್ಕು ಹಿಡಿಯದು ಎಂಬುದು ಅದರ ಹೆಗ್ಗಳಿಕೆ. ಪೆಟ್ಟು ಬಿದ್ದರೆ ತಗ್ಗಾಗದೆ ಸೀಳುವುದು ಅದರ ದೋಷ. ಇಂದು ಆ ಕಾರುಗಳು ಅಪರೂಪವಾಗಿವೆ. ಆದರೆ ಅದೇ ವಸ್ತು ಬಸ್ಸಿನ ಮುಖಭಾಗದಲ್ಲಿ, ಆಟೋದ ಟಾಪಿನಲ್ಲಿ, ಸ್ನಾನಗೃಹದ ಬಾಗಿಲಿನಲ್ಲಿ, ಜಾತ್ರೆಯ ಕಮಾನು ಮತ್ತು ಮೂರ್ತಿಗಳಲ್ಲಿ ಎಲ್ಲೆಡೆ ಸೇರಿಕೊಂಡಿದೆ. ಬಾನೆಟ್ಟನ್ನು ಕುರಿತು ಹೇಳುವುದು ಇವೆಲ್ಲಕ್ಕೂ ಅನ್ವಯಿಸುತ್ತದೆ.

ಫೈಬರ್ ಗ್ಲಾಸ್ ಎಂಬುದು ಗಾಜಿನ ಎಳೆಗಳ ಚಾಪೆಗೆ ರೆಸಿನ್ ಎಂಬ ಅಂಟುದ್ರವವನ್ನು ಕುಡಿಸಿ ಗಟ್ಟಿ ಮಾಡಿದ ವಸ್ತು. ಅಂಗಡಿಯಲ್ಲಿ ಸಾಮಾನ್ಯವಾಗಿ ಮೂರು ದ್ರವಗಳನ್ನು ಕೊಡುತ್ತಾರೆ: ರೆಸಿನ್, ನೇರಳೆ ಬಣ್ಣದ ಕೋಬಾಲ್ಟ್ ಮತ್ತು ನೀರಿನಂತೆ ತಿಳಿಯಾದ ಹಾರ್ಡನರ್. ಇಲ್ಲಿಯೇ ಮೊದಲ ಅಪಾಯವಿದೆ. ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿದ ಮೇಲೆಯೇ ಹಾರ್ಡನರ್ ಸೇರಿಸಬೇಕು. ಕೋಬಾಲ್ಟ್ ಮತ್ತು ಹಾರ್ಡನರುಗಳನ್ನು ನೇರವಾಗಿ ಬೆರೆಸಿದರೆ ಮಿಶ್ರಣ ಕ್ಷಣಾರ್ಧದಲ್ಲಿ ಕುದಿದು ಬೆಂಕಿ ಹತ್ತಬಹುದು, ಸ್ಫೋಟಿಸಲೂಬಹುದು. ಕೋಬಾಲ್ಟ್ ಮೊದಲೇ ಬೆರೆತಿರುವ ರೆಸಿನ್ ಸಿಗುತ್ತದೆ. ಮನೆಯಲ್ಲಿ ಮಾಡುವವರು ಅದನ್ನೇ ಕೇಳಿ ತರುವುದು ಕ್ಷೇಮ. ಹಾರ್ಡನರನ್ನು ಖಾಲಿ ನೀರಿನ ಬಾಟಲಿಗೆ ಸುರಿಸಿಕೊಂಡು ತರುವ ಅಭ್ಯಾಸವನ್ನಂತೂ ಇಂದೇ ಬಿಡಬೇಕು. ನೀರೆಂದು ತಿಳಿದು ಮಗುವೊಂದು ಒಂದು ಗುಟುಕು ಕುಡಿದರೆ ಅನ್ನನಾಳವೇ ಸುಟ್ಟುಹೋಗುತ್ತದೆ.

ಇನ್ನು ಕೆಲಸದ ಕ್ರಮ. ನಮ್ಮ ಸೀಮೆಯ ಬಾನೆಟ್ಟಿನ ಮೇಲೆ, ಅದರಲ್ಲಿಯೂ ಸಂಡೂರಿನ ಅದಿರು ಸಾಗುವ ರಸ್ತೆಗಳಲ್ಲಿ ಓಡುವ ವಾಹನಗಳ ಮೇಲೆ, ಕೆಂಧೂಳಿನ ಒಂದು ಪದರವೇ ಇರುತ್ತದೆ. ಮೊದಲು ಸೋಪಿನ ನೀರಿನಿಂದ ಒಳಗೂ ಹೊರಗೂ ತೊಳೆದು ಒಣಗಿಸಬೇಕು. ಆ ಬಳಿಕ ನಾಣ್ಯದಿಂದ ಸೀಳಿನ ಸುತ್ತ ಮೆಲ್ಲನೆ ತಟ್ಟಿ ನೋಡಿ. ಗಟ್ಟಿಯಿರುವಲ್ಲಿ ಟಣ್ಣೆನ್ನುತ್ತದೆ, ಪದರ ಬಿಟ್ಟಿರುವಲ್ಲಿ ಬೊದ್ದು ಸದ್ದು ಬರುತ್ತದೆ. ಎದೆಯ ಮೇಲೆ ಬೆರಳಿಟ್ಟು ತಟ್ಟಿ ಶ್ವಾಸಕೋಶವನ್ನು ಪರೀಕ್ಷಿಸುವ ನಮಗೆ ಈ ವಿದ್ಯೆ ಪರಿಚಿತ! ಬೊದ್ದು ಸದ್ದಿನ ಭಾಗವೆಲ್ಲ ದುರಸ್ತಿಗೆ ಸೇರಬೇಕು. ಸೀಳಿನ ಎರಡು ತುದಿಗಳಲ್ಲಿ ಸಣ್ಣ ತೂತು ಕೊರೆದರೆ ಅದು ಮುಂದಕ್ಕೆ ಹಬ್ಬುವುದಿಲ್ಲ.

ತೇಪೆಯನ್ನು ಬಾನೆಟ್ಟಿನ ಒಳಮೈಯಿಂದ ಹಾಕಬೇಕು. ಸೀಳಿನ ಸುತ್ತ ಎರಡು ಅಂಗುಲದಷ್ಟು ಜಾಗವನ್ನು 80ನೇ ನಂಬರಿನ ಎಮರಿ ಕಾಗದದಿಂದ ಇಳಿಜಾರಾಗುವಂತೆ ತಿಕ್ಕಬೇಕು. ಅನೇಕರು ಇಲ್ಲಿ ಗ್ರೈಂಡರ್ ಯಂತ್ರ ಹಿಡಿಯುತ್ತಾರೆ. ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ ನಿಜ. ಆದರೆ ಆ ಐದು ನಿಮಿಷದಲ್ಲಿ ಅಂಗಳವೆಲ್ಲ ಬಿಳಿಯ ಧೂಳಾಗಿ, ಒಣಹಾಕಿದ ಬಟ್ಟೆಗೂ ತೊಟ್ಟಿಯ ನೀರಿಗೂ ಅದು ಕೂರುತ್ತದೆ. ನೀರು ಹಾಕಿ ಕೈಯಿಂದ ತಿಕ್ಕಿದರೆ ಅರ್ಧ ಗಂಟೆಯಾದೀತು, ಧೂಳು ಮಾತ್ರ ಏಳುವುದಿಲ್ಲ. ತಿಕ್ಕಿದ ಮೇಲೆ ಒಂದು ದಿನ ಬಿಸಿಲಿನಲ್ಲಿ ಒಣಗಿಸಿ. ತೇವವಿದ್ದರೆ ರೆಸಿನ್ ಹಿಡಿಯದು.

ಒಂದು ಚದರ ಅಡಿಯ ತೇಪೆಗೆ 450 ಗ್ರಾಂ ತೂಕದ ಚಾಪೆಯ ಮೂರು ಪದರಗಳು ಸಾಕು. ಚಾಪೆಯ ತೂಕ ಸುಮಾರು 125 ಗ್ರಾಂ ಆಗುತ್ತದೆ, ರೆಸಿನ್ 300 ಗ್ರಾಂ ಬೇಕಾಗುತ್ತದೆ. 100 ಗ್ರಾಂ ರೆಸಿನ್ನಿಗೆ 1ರಿಂದ 2 ಮಿಲಿಲೀಟರ್ ಹಾರ್ಡನರ್ ಎಂಬುದು ರೂಢಿಯ ಲೆಕ್ಕ. ಹೊಸಪೇಟೆಯ ಏಪ್ರಿಲ್ ಬಿಸಿಲಿನಲ್ಲಿ 1 ಮಿಲಿಲೀಟರೇ ಸಾಕು. ಅಂದಾಜಿನಲ್ಲಿ ಸುರಿಯದೆ ಸೂಜಿಯಿಲ್ಲದ ಸಿರಿಂಜಿನಿಂದ ಅಳೆಯಿರಿ. ಬೇಗ ಗಟ್ಟಿಯಾಗಲೆಂದು ಹೆಚ್ಚು ಹಾಕಿದರೆ ಡಬ್ಬಿಯಲ್ಲಿಯೇ ಕಾದು ಹೊಗೆಯಾಡುತ್ತದೆ, ತೇಪೆಯೂ ಬಿರಿಯುತ್ತದೆ. ಒಮ್ಮೆಗೆ 150 ಗ್ರಾಮಿಗಿಂತ ಹೆಚ್ಚು ಕಲಸಬೇಡಿ. ಕುಂಚದಿಂದ ರೆಸಿನ್ ಬಳಿದು, ಚಾಪೆಯಿಟ್ಟು, ಗಾಳಿಗುಳ್ಳೆ ಉಳಿಯದಂತೆ ಒತ್ತಿ ಒತ್ತಿ ಕುಡಿಸಬೇಕು. ಮರುದಿನ ಹೊರಮೈಗೆ ಪುಟ್ಟಿ ಹಚ್ಚಿ, ಒಣಗಿದ ಮೇಲೆ 180, 320ನೇ ನಂಬರುಗಳ ಕಾಗದದಿಂದ ನೀರು ಹಾಕಿ ತಿಕ್ಕಿ ನುಣುಪು ಮಾಡಿ, ಪ್ರೈಮರ್ ಬಳಿಯಬೇಕು.

ಈ ಹಂತದವರೆಗೆ ದೇಹಕ್ಕೆ ತಗಲುವ ಬಾಧೆಗಳನ್ನು ನೋಡೋಣ. ಗಾಜಿನ ಎಳೆಗಳು ಚರ್ಮಕ್ಕೆ ಚುಚ್ಚಿ ತುರಿಕೆ ತರುತ್ತವೆ. ಇದು ವಿಷವಲ್ಲ, ಮುಳ್ಳು ಚುಚ್ಚಿದಂತೆಯೇ. ತುರಿಕೆಯಾದೊಡನೆ ಎಣ್ಣೆ ಹಚ್ಚಿ ತಿಕ್ಕುವುದು ನಮ್ಮವರ ಪದ್ಧತಿ. ತಿಕ್ಕಿದಷ್ಟೂ ಎಳೆಗಳು ಒಳಗಿಳಿಯುತ್ತವೆ. ಮೊದಲು ಅಂಟುಪಟ್ಟಿಯನ್ನು ಮೈಗೆ ಅಂಟಿಸಿ ಎಬ್ಬಿಸಿ, ತಣ್ಣೀರಿನಿಂದ ತೊಳೆದು, ಆಮೇಲೆ ಕೊಬ್ಬರಿ ಎಣ್ಣೆ ಸವರಬಹುದು. ತುಂಬುತೋಳಿನ ಅಂಗಿ ಧರಿಸಿ, ಆ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಒಗೆಯಬೇಡಿ.

ರೆಸಿನ್ನಿನ ಘಾಟು ವಾಸನೆಗೆ ಕಾರಣ ಸ್ಟೈರೀನ್ ಎಂಬ ದ್ರವ್ಯ. ಅದರ ಆವಿ ಗಾಳಿಗಿಂತ ಭಾರವಾದುದರಿಂದ ಮುಚ್ಚಿದ ಶೆಡ್ಡಿನಲ್ಲಿ ನೆಲದ ಮಟ್ಟದಲ್ಲಿಯೇ ನಿಲ್ಲುತ್ತದೆ. ತಲೆಸುತ್ತು, ಓಕರಿಕೆ, ಕಣ್ಣುರಿ ಮೊದಲ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2018ರಲ್ಲಿ ಇದನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ಸಾಲಿಗೆ ಸೇರಿಸಿತು. ವರ್ಷಕ್ಕೊಮ್ಮೆ ಬಯಲಿನಲ್ಲಿ ಒಂದು ತೇಪೆ ಹಾಕುವವರು ಇದಕ್ಕಾಗಿ ಹೆದರಬೇಕಾಗಿಲ್ಲ. ಗರ್ಭಿಣಿಯರು, ಮಕ್ಕಳು, ಉಬ್ಬಸವುಳ್ಳವರು, ಕ್ಷಯರೋಗದಿಂದ ಗುಣವಾದವರು, ಗಣಿಯ ಧೂಳಿನಲ್ಲಿ ವರ್ಷಗಟ್ಟಲೆ ದುಡಿದವರು ಮಾತ್ರ ಆ ದಿನ ಆ ಅಂಗಳದಲ್ಲಿ ಇರಕೂಡದು. ಅಡುಗೆಮನೆಯ ಒಲೆ, ದೇವರಮನೆಯ ದೀಪ ಉರಿಯುತ್ತಿರುವಾಗ ಪಕ್ಕದಲ್ಲಿ ರೆಸಿನ್, ಅಸಿಟೋನ್, ಥಿನ್ನರುಗಳ ಡಬ್ಬಿ ತೆರೆಯಬೇಡಿ.

ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಸಿಡಿದ ಕ್ಷಣದಿಂದಲೇ ಕಣ್ಣನ್ನು ಅಗಲಿಸಿ ಹಿಡಿದು, ಕನಿಷ್ಠ 20 ನಿಮಿಷ ಧಾರೆಯಾಗಿ ಶುದ್ಧ ನೀರು ಬಿಡಬೇಕು. ಬಳಿಕ ತಡಮಾಡದೆ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು. ಹಾಲು, ತುಪ್ಪ, ಜೇನು ಏನನ್ನೂ ಬಿಡಬಾರದು. ಕಲಸುವಾಗ ಕನ್ನಡಕ ಧರಿಸಿದ್ದರೆ ಈ ಪ್ರಸಂಗವೇ ಬಾರದು.

ಈಗ ಬಣ್ಣದ ವಿಚಾರ. ನನ್ನ ಮುಖ್ಯ ಎಚ್ಚರಿಕೆ ಇರುವುದು ಇಲ್ಲಿಯೇ. ಇಂದಿನ ಹೊಳಪಿನ ಕಾರು ಬಣ್ಣಗಳಲ್ಲಿ ಬಹುಪಾಲು ಎರಡು ಡಬ್ಬಿಗಳ ಬಣ್ಣಗಳು. ಬಣ್ಣಕ್ಕೆ ಬೇರೊಂದು ಹಾರ್ಡನರ್ ಬೆರೆಸಿ ಗನ್ನಿನಿಂದ ಸಿಂಪಡಿಸಬೇಕು. ಈ ಹಾರ್ಡನರ್ ರೆಸಿನ್ನಿನದಲ್ಲ, ಇದರಲ್ಲಿರುವುದು ಐಸೋಸಯನೇಟ್. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸೋರಿದ ಅನಿಲ ಇದೇ ಕುಲದ್ದು. ಬಣ್ಣದಲ್ಲಿರುವುದು ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಆದರೆ ಗನ್ನಿನಿಂದ ಮಂಜಾಗಿ ಹೊರಟಾಗ ನೇರವಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ವಾಸನೆಯಿಂದ ಎಚ್ಚರವಾಗೋಣವೆಂದರೆ, ವಾಸನೆ ತಿಳಿಯುವ ಮೊದಲೇ ಅದು ಅಪಾಯದ ಮಟ್ಟ ದಾಟಿರುತ್ತದೆ.

ಕೆಲವರ ದೇಹ ಈ ವಸ್ತುವನ್ನು ಒಮ್ಮೆ ಶತ್ರುವೆಂದು ಗುರುತಿಸಿಬಿಟ್ಟರೆ, ಮುಂದೆ ಅತ್ಯಲ್ಪ ಪ್ರಮಾಣವೂ ತೀವ್ರ ಉಬ್ಬಸವನ್ನು ಕೆರಳಿಸುತ್ತದೆ. ಲಕ್ಷಣಗಳು ತಡವಾಗಿ ಕಾಣಿಸುವುದೂ ಉಂಟು. ಹಗಲು ಬಣ್ಣ ಹೊಡೆದವನು ರಾತ್ರಿ ಹನ್ನೊಂದಕ್ಕೆ ಎದೆ ಬಿಗಿದು ಎದ್ದು ಕೂರುತ್ತಾನೆ. ಕೆಲಸವಿಲ್ಲದ ದಿನ ಹಾಯಾಗಿರುತ್ತಾನೆ. ಆತ ಅದನ್ನು ತುಂಗಭದ್ರೆಯ ಕಡೆಯ ತಂಪುಗಾಳಿಯ ಮೇಲೆ ಹೊರಿಸುತ್ತಾನೆ. ಮುಖಕ್ಕೆ ಕಟ್ಟಿದ ವಲ್ಲಿ ಇದನ್ನು ತಡೆಯದು. ಎನ್-95 ಮಾಸ್ಕ್ ತಿಕ್ಕುವಾಗಿನ ಧೂಳಿಗೆ ಸರಿ. ರೆಸಿನ್ನಿನ ಆವಿಗೆ ಇದ್ದಿಲಿನ ಫಿಲ್ಟರುಳ್ಳ ಮಾಸ್ಕ್ ಬೇಕು. ಈ ಬಣ್ಣದ ಮಂಜಿಗಾದರೋ ಕೊಳವೆಯ ಮೂಲಕ ಹೊರಗಿನ ಶುದ್ಧ ಗಾಳಿ ಒದಗಿಸುವ ಮುಖಕವಚವೇ ಬೇಕು. ಅದು ಮನೆಯಲ್ಲಿ ಯಾರ ಬಳಿಯೂ ಇರುವುದಿಲ್ಲ. ಗಡ್ಡ ಬಿಟ್ಟವರಿಗೆ ಯಾವ ಮಾಸ್ಕೂ ಮುಖಕ್ಕೆ ಸರಿಯಾಗಿ ಕೂರುವುದಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ.

ಆದುದರಿಂದ ತೇಪೆಯ ಕೆಲಸವನ್ನು ಬಯಲಿನಲ್ಲಿ ಎಚ್ಚರದಿಂದ ಮನೆಯಲ್ಲಿಯೇ ಮಾಡಿಕೊಳ್ಳಿ; ಎರಡು ಡಬ್ಬಿಯ ಬಣ್ಣವನ್ನು ಮಾತ್ರ ಮನೆಯಲ್ಲಿ ಸಿಂಪಡಿಸಬೇಡಿ. ಪ್ರೈಮರ್ ಬಳಿದ ಬಾನೆಟ್ಟನ್ನು ಬಿಚ್ಚಿಕೊಂಡು, ಪ್ರತ್ಯೇಕ ಬಣ್ಣದ ಕೋಣೆಯಿರುವ ಶೆಡ್ಡಿಗೆ ಒಯ್ಯಿರಿ. ಅಲ್ಲಿಯೂ ಹದಿನಾರರ ಹುಡುಗನೊಬ್ಬ ಬರಿಮೂಗಿನಲ್ಲಿ ಗನ್ ಹಿಡಿದಿದ್ದರೆ ಮಾಲೀಕರಿಗೆ ಒಂದು ಮಾತು ಹೇಳಿ. ಕಂಪ್ಲಿಯ ಗದ್ದೆಗಿಳಿಯುವ ಟ್ರ್ಯಾಕ್ಟರಿಗೆ ಕನ್ನಡಿಯ ಹೊಳಪೇನೂ ಬೇಡ. ಒಂದೇ ಡಬ್ಬಿಯ ಎನಾಮೆಲ್ ಬಣ್ಣವನ್ನು ಕುಂಚದಿಂದ ಎರಡು ಸಲ ಬಳಿದರೆ ಬಿಸಿಲಿನಿಂದ ಫೈಬರ್ ಪುಡಿಯೇಳುವುದು ತಪ್ಪುತ್ತದೆ.

ಆಯುರ್ವೇದ ವೈದ್ಯರಾಗಿ ಇದಕ್ಕೊಂದು ಮದ್ದು ಹೇಳಿ ಎಂದು ಭಕ್ತರು ಕೇಳುತ್ತಾರೆ. ಚರಕಸಂಹಿತೆಯು ಶ್ವಾಸರೋಗದ ಕಾರಣಗಳನ್ನು ಹೇಳುವಾಗ ಧೂಳನ್ನೂ ಹೊಗೆಯನ್ನೂ ಹೆಸರಿಸಿದೆ. ಸುಶ್ರುತರು ಹೊಗೆಯಿಂದ ಪೀಡಿತನಾದವನ ಲಕ್ಷಣಗಳನ್ನು ಪ್ರತ್ಯೇಕವಾಗಿ ವಿವರಿಸಿದ್ದಾರೆ. ಕಾರಣವನ್ನು ದೂರವಿಡುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲೆಂಬುದು ನಮ್ಮ ಶಾಸ್ತ್ರದ ನಿಲುವು. ಧೂಳಿನ ಕೆಲಸದವರು ಬೆಲ್ಲ ತಿಂದರೆ ಎದೆ ಶುದ್ಧವಾಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಹೋಗುವುದು ಶ್ವಾಸಕೋಶಕ್ಕೆ. ಮೂಗಿಗೆ ಎರಡು ಹನಿ ಎಳ್ಳೆಣ್ಣೆ ಬಿಟ್ಟುಕೊಳ್ಳುವುದು ಒಣಗಿದ ಮೂಗಿಗೆ ಹಿತ. ಐಸೋಸಯನೇಟಿಗೆ ಅದು ತಡೆಯಲ್ಲ. ಅರಿಸಿನದ ಹಾಲು, ಆಡುಸೋಗೆಯ ಕಷಾಯಗಳ ಮಾತೂ ಇಷ್ಟೇ. ಇವನ್ನು ನಂಬಿ ಮಾಸ್ಕ್ ಬಿಟ್ಟರೆ ಔಷಧಿಯಿಂದಲೇ ಅಪಾಯ ತಂದುಕೊಂಡಂತಾಗುತ್ತದೆ.

ಬಣ್ಣ ಅಥವಾ ರೆಸಿನ್ನಿನ ಕೆಲಸ ಮಾಡಿದ ರಾತ್ರಿ ಕೆಮ್ಮು, ಎದೆಬಿಗಿತ, ಸಿಳ್ಳೆಯಂತಹ ಉಸಿರು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ. ಉಸಿರಾಡುವುದೇ ಕಷ್ಟವಾದರೆ ಆ ಹೊತ್ತಿನಲ್ಲಿಯೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಕಡಿಮೆಯಿದ್ದರೂ ಶ್ವಾಸಕೋಶ ತಜ್ಞರನ್ನು ಕಂಡು, ಉಸಿರಿನ ಬಲ ಅಳೆಯುವ ಪರೀಕ್ಷೆ ಮಾಡಿಸಿ. ಹೋಗುವಾಗ ಬಣ್ಣದ ಎರಡು ಡಬ್ಬಿಗಳ ಮೇಲಿನ ಚೀಟಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ.