ಬಣ್ಣಕ್ಕೆ ಮೊದಲು ತಗಡು

ಬೆಂಗಳೂರಿನಿಂದ ಮುಂಬೈಗೆ ಹೊರಟ ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ, ಸೊಲ್ಲಾಪುರ ದಾಟಿದ ಮೇಲೆ ಪುಣೆಗೆ ಮುನ್ನ ಸಿಗುವ ದೊಡ್ಡ ಜಂಕ್ಷನ್ ದೌಂಡ. ಭೀಮಾ ದಂಡೆಯ ಈ ಊರನ್ನು ನಮ್ಮಲ್ಲಿ ಬಹುಪಾಲು ಜನ ರೈಲಿನ ಕಿಟಕಿಯಿಂದಷ್ಟೇ ಕಂಡಿದ್ದಾರೆ. ಹಳೆಯ ಕಾರನ್ನು ಮನೆಯಂಗಳದಲ್ಲೇ ಬಿಚ್ಚಿ, ತುಕ್ಕು ತೆಗೆದು, ಮತ್ತೆ ರಸ್ತೆಗಿಳಿಸುವ ಕಸುಬಿಗೆ ಇದು ಹೇಳಿ ಮಾಡಿಸಿದ ಜಾಗ. ಸಹ್ಯಾದ್ರಿಯ ಮಳೆನೆರಳಿನ ಒಣ ಹವೆಯಲ್ಲಿ ತಗಡು ಮುಂಬೈ, ಮಂಗಳೂರಿನಲ್ಲಿ ತಿಂದುಹೋಗುವಷ್ಟು ಬೇಗ ತಿಂದುಹೋಗುವುದಿಲ್ಲ. ರೈಲ್ವೆ ಊರಾದ್ದರಿಂದ ಫಿಟ್ಟರ್, ಟರ್ನರ್, ವೆಲ್ಡರ್ ಕೆಲಸ ಇಲ್ಲಿಯವರಿಗೆ ಹೊಸದಲ್ಲ. ಪಕ್ಕದಲ್ಲೇ ಕುರಕುಂಭದ ಕೈಗಾರಿಕಾ ಪ್ರದೇಶವಿದೆ. ಸುಮಾರು 75 ಕಿಲೋಮೀಟರ್ ದೂರದ ಪುಣೆಯಲ್ಲಿ ನಾನಾ ಪೇಟೆಯ ಬಿಡಿಭಾಗಗಳ ಅಂಗಡಿಸಾಲೂ ಹಳೆ ಸಾಮಾನಿನ ಜೂನಾ ಬಜಾರೂ ಇವೆ.

ಈ ಸೀಮೆಯ ಅಂಗಳಗಳಿಗೆ ಒಗ್ಗುವ ಹಳೆಯ ಕಾರು ಎಂದರೆ ಫಿಯಾಟ್. ಅದನ್ನು ಇಲ್ಲಿಯದೇ ಕಾರು ಎನ್ನಬಹುದು.

ಮೈಸೂರಿನಲ್ಲಿ ಕಂಡ ಕನಸು, ಕುರ್ಲಾದಲ್ಲಿ ನನಸು

ಭಾರತದಲ್ಲೇ ಕಾರು ತಯಾರಾಗಬೇಕೆಂದು ಪಟ್ಟು ಹಿಡಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಪ್ರಮುಖರು. 1935ರಲ್ಲಿ ಅವರು ಇದಕ್ಕಾಗಿಯೇ ಯುರೋಪ್, ಅಮೆರಿಕ ಸುತ್ತಿ ಬಂದು ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದರು. ಅದನ್ನು ಕೈಗೆತ್ತಿಕೊಂಡವರು ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದ ಉದ್ಯಮಿ ವಾಲಚಂದ್ ಹಿರಾಚಂದ್. ಕಾರ್ಖಾನೆ ಮೈಸೂರು ಸಂಸ್ಥಾನದಲ್ಲಿ ತಲೆಯೆತ್ತಬೇಕೆಂಬ ಆಸೆ ಬ್ರಿಟಿಷ್ ಸರ್ಕಾರದ ಅಸಮ್ಮತಿಯಿಂದ ಕೈಗೂಡಲಿಲ್ಲ. ಅದೇ ವಾಲಚಂದರು ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. ಕಾರಿನ ಕಂಪನಿ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಹುಟ್ಟಿತು, ಮುಂಬೈಯ ಕುರ್ಲಾದಲ್ಲಿ ಕಾರು ತಯಾರಿಸಿತು. ದೌಂಡದ ನೆರೆಯ ಇಂದಾಪುರ ತಾಲ್ಲೂಕಿನಲ್ಲಿ ಇಂದಿಗೂ ಅವರ ಹೆಸರು ಹೊತ್ತ ವಾಲಚಂದನಗರವಿದೆ.

ಪ್ರೀಮಿಯರ್ ಮೊದಲು ಡಾಡ್ಜ್, ಪ್ಲಿಮತ್ ಜೋಡಿಸಿತು. ಐವತ್ತರ ದಶಕದಲ್ಲಿ ಇಟಲಿಯ ಫಿಯಾಟ್ ಬಂತು. ಮುಂಬಾಗಿಲು ಹಿಂದುಮುಂದಾಗಿ ತೆರೆಯುತ್ತಿದ್ದ ಆ ಕಾಲದ ಗಾಡಿಯನ್ನು ಮಹಾರಾಷ್ಟ್ರದವರು ಇಂದಿಗೂ ‘ಡುಕ್ಕರ್ ಫಿಯಾಟ್’, ಅಂದರೆ ಹಂದಿ ಫಿಯಾಟ್, ಎಂದೇ ಗುರುತಿಸುತ್ತಾರೆ. 1964ರಲ್ಲಿ 1100 ಡಿಲೈಟ್, 1974ರಲ್ಲಿ ಪ್ರೀಮಿಯರ್ ಪದ್ಮಿನಿ. 1089 ಸಿಸಿಯ ಎಂಜಿನ್, ಸ್ಟಿಯರಿಂಗ್ ಕಂಬಕ್ಕೇ ಅಂಟಿದ ಗೇರು, ನಾಲ್ಕು ಗಾಲಿಗೂ ಡ್ರಮ್ ಬ್ರೇಕು. ವೈದ್ಯರು, ವಕೀಲರು, ಹೊಸದಾಗಿ ಕಾರು ಕೊಂಡ ಅಧಿಕಾರಿಗಳು ಇದನ್ನು ಮನೆಗೆ ತಂದರು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಇದು ದಶಕಗಳ ಕಾಲ ದುಡಿಯಿತು. 2023ರ ಅಕ್ಟೋಬರ್ ಕೊನೆಗೆ ಮುಂಬೈಯ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿಗೆ ನಿಗದಿಯಾದ 20 ವರ್ಷದ ಅವಧಿಯೂ ಮುಗಿಯಿತು. ಉಳಿದವು ಕಣಜದ ಮೂಲೆಯಲ್ಲಿ, ಬೇವಿನ ಮರದ ಕೆಳಗೆ, ತೋಟದ ಶೆಡ್ಡಿನಲ್ಲಿ ನಿಂತ ಮನೆಯ ಗಾಡಿಗಳು.

ಮೊದಲ ಪರೀಕ್ಷೆ

ಇಂಥ ಗಾಡಿಯನ್ನು ಎಬ್ಬಿಸಲು ಹೊರಟವರು ಮೊದಲು ಬಣ್ಣದ ಯೋಚನೆ ಮಾಡುತ್ತಾರೆ. ಕಸುಬು ಬಲ್ಲ ಟಿಂಕರ್, ಅಂದರೆ ತಗಡು ತಿದ್ದುವವ, ಮೊದಲು ಆಯಸ್ಕಾಂತ ಹಿಡಿಯುತ್ತಾನೆ. ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತವನ್ನು ಬಾಗಿಲ ಕೆಳಂಚು, ಗಾಲಿಯ ಕಮಾನು, ಹೆಡ್‌ಲೈಟಿನ ಸುತ್ತ ಸರಿಸಿದಾಗ ಅದು ಹಿಡಿಯದೆ ಜಾರಿದರೆ ಒಳಗೆ ದಪ್ಪ ಪುಟ್ಟಿ ಇದೆ ಎಂದರ್ಥ. ಆಮೇಲೆ ಮ್ಯಾಟ್ ಎತ್ತಿ ನೆಲದ ತಗಡನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡುವುದು. ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಕುಸಿಯುತ್ತದೆ.

ಫಿಯಾಟಿನಲ್ಲಿ ಈ ಪರೀಕ್ಷೆಗೆ ಹೆಚ್ಚಿನ ಬೆಲೆ ಇದೆ. ಲಾರಿಗೆ, ಜೀಪಿಗೆ ಇರುವಂತೆ ಇದಕ್ಕೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಎಲ್ಲ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಸಿಲ್, ನೆಲದ ತಗಡು, ಮುಂದಿನ ಸಸ್ಪೆನ್ಶನ್ ಬಂದು ಕೂಡುವ ಜಾಗ, ಹಿಂದಿನ ಪಾಟಾ (ಲೀಫ್) ಸ್ಪ್ರಿಂಗಿನ ಕೊಂಡಿ ಕೂರುವ ಮೂಲೆ, ಈ ನಾಲ್ಕು ಗಟ್ಟಿಯಿದ್ದರೆ ಗಾಡಿ ಬದುಕುತ್ತದೆ. ಮಡ್‌ಗಾರ್ಡಿನ ತೂತು ಎಷ್ಟು ದೊಡ್ಡದಿದ್ದರೂ ಭಯವಿಲ್ಲ.

ಕತ್ತರಿ, ಸುತ್ತಿಗೆ, ಡಾಲಿ

ಬಿಚ್ಚುವ ಮೊದಲು ಪ್ರತಿ ಜೋಡಣೆಯ ಫೋಟೊ, ಪ್ರತಿ ಬೋಲ್ಟಿಗೆ ಹೆಸರು ಬರೆದ ಚೀಲ. ಬ್ಯಾಟರಿ ತೆಗೆದು, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರವಿಟ್ಟು, ಮರಳಿನ ಬಕೆಟ್ ಪಕ್ಕದಲ್ಲಿಟ್ಟುಕೊಂಡ ಮೇಲೆಯೇ ವೆಲ್ಡಿಂಗ್ ಮಾತು. ಸಿಲ್ ಕತ್ತರಿಸುವಾಗ ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣದ ಆಧಾರ ಬಿಗಿಯಬೇಕು. ಅದಿಲ್ಲದೆ ಕತ್ತರಿಸಿದರೆ ಬಾಡಿ ನಡುವೆ ಕುಗ್ಗುತ್ತದೆ. ಆಮೇಲೆ ಹೊಸ ಸಿಲ್ ಕೂರಿಸಿದರೂ ಬಾಗಿಲು ಮುಚ್ಚುವುದಿಲ್ಲ, ಆಗ ತಿದ್ದಲು ದಾರಿಯೂ ಇರುವುದಿಲ್ಲ.

ತುಕ್ಕು ಹಿಡಿದ ಭಾಗವನ್ನು ಬೆಳ್ಳಗೆ ಹೊಳೆಯುವ ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಬೇಕು. ದರ್ಜಿ ಬಟ್ಟೆಗೆ ಮಾಡುವಂತೆ ರಟ್ಟಿನಲ್ಲಿ ಅಳತೆಯ ನಮೂನೆ ಕತ್ತರಿಸಿ, ಅದನ್ನು 20 ಗೇಜಿನ, ಅಂದರೆ ಸುಮಾರು 0.9 ಮಿಲಿಮೀಟರ್ ದಪ್ಪದ ಹೊಸ ತಗಡಿನ ಮೇಲಿಟ್ಟು ಗೀಚುವುದು. ಹಳೆಯ ಟಿಂಕರ್‌ಗಳ ಕೈ ಗ್ಯಾಸ್ ವೆಲ್ಡಿಂಗಿನಲ್ಲಿ ಪಳಗಿದ್ದು. ಹೊಸಬರಿಗೆ ಗ್ಯಾರೇಜಿನವರು ಸಿಒ2 ವೆಲ್ಡಿಂಗ್ ಎನ್ನುವ ವಿಧಾನವೇ ಸುಲಭ, ಅದರಲ್ಲಿ ಶಾಖ ಕಡಿಮೆ ಹರಡುತ್ತದೆ. ಆದರೂ ಒಂದೇ ಗೆರೆಯಲ್ಲಿ ಎಳೆದರೆ ತಗಡು ಹಪ್ಪಳದಂತೆ ಸೊಟ್ಟಗಾಗುವುದು ಖಂಡಿತ. ಒಂದು ಚುಕ್ಕೆ ಈ ತುದಿಗೆ, ಇನ್ನೊಂದು ಆ ತುದಿಗೆ, ತಣ್ಣಗಾದ ಮೇಲೆ ನಡುವೆ ಮತ್ತೊಂದು, ಹೀಗೆ ಚುಕ್ಕೆಗಳನ್ನು ಕೂಡಿಸುತ್ತ ಬರಬೇಕು.

ತಗ್ಗು ಎತ್ತುವುದು ಈ ಕಸುಬಿನ ಅತ್ಯಂತ ಸುಂದರ ಭಾಗ. ಒಂದು ಕೈಯಲ್ಲಿ ಸುತ್ತಿಗೆ, ತಗಡಿನ ಆಚೆ ಬದಿಗೆ ಒತ್ತಿಹಿಡಿಯಲು ಇನ್ನೊಂದು ಕೈಯಲ್ಲಿ ಡಾಲಿ ಎಂಬ ಉಕ್ಕಿನ ಗಟ್ಟಿ. ಸುತ್ತಿಗೆ ನೇರ ಡಾಲಿಯ ಮೇಲೆ ಬಿದ್ದರೆ ತಗಡು ಹಿಗ್ಗುತ್ತದೆ. ಡಾಲಿಯನ್ನು ತಗ್ಗಿಗೆ ಒತ್ತಿ, ಸುತ್ತಿಗೆಯನ್ನು ಪಕ್ಕದ ಉಬ್ಬಿನ ಮೇಲೆ ಹೊಡೆದರೆ ತಗ್ಗು ಏಳುತ್ತದೆ, ಉಬ್ಬು ಇಳಿಯುತ್ತದೆ. ಹಿಗ್ಗಿಹೋದ ತಗಡನ್ನು ಸಣ್ಣ ಚುಕ್ಕೆಯಷ್ಟು ಕೆಂಪಗೆ ಕಾಯಿಸಿ, ಒದ್ದೆ ಬಟ್ಟೆಯಿಂದ ತಣಿಸಿ ಕುಗ್ಗಿಸುತ್ತಾರೆ. ಕಣ್ಣಿಗೆ ಕಾಣದ ಏರಿಳಿತ ಅಂಗೈಗೆ ತಿಳಿಯುತ್ತದೆ. ಅದಕ್ಕೇ ಟಿಂಕರ್ ಮತ್ತೆ ಮತ್ತೆ ತಗಡನ್ನು ಸವರುತ್ತಾನೆ. ಈ ಸ್ಪರ್ಶಜ್ಞಾನ ಯಾವ ಪುಸ್ತಕದಿಂದಲೂ ಬರುವಂಥದ್ದಲ್ಲ.

ಇಷ್ಟಾದ ಮೇಲೆ ಪ್ರೈಮರ್, ಅದರ ಮೇಲೆ ತೆಳು ಪುಟ್ಟಿ, ಮರದ ತುಂಡಿಗೆ ಸುತ್ತಿದ ಉಜ್ಜುಕಾಗದ. ಬಾಗಿಲು, ಸಿಲ್‌ಗಳ ಕೆಳಗೆ ಕಂಪನಿಯವರೇ ಬಿಟ್ಟ ನೀರಿಳಿಯುವ ತೂತುಗಳನ್ನು ಮುಚ್ಚಬಾರದು. ಒಳಗೆ ನಿಂತ ಮಳೆನೀರೇ ತುಕ್ಕಿನ ತವರು. ಕೊನೆಯ ಬಣ್ಣವನ್ನು ಮಾತ್ರ ಪೇಂಟ್ ಬೂತ್ ಇರುವವರಿಗೆ ಒಪ್ಪಿಸುವುದು ಕ್ಷೇಮ. ಗಟ್ಟಿಕಾರಕ ಬೆರೆಸಿ ಸಿಂಪಡಿಸುವ ಈಗಿನ ಬಣ್ಣಗಳಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಐಸೊಸಯನೇಟ್ ಇರುತ್ತದೆ, ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯುವುದಿಲ್ಲ.

ಮುಂದಿನ ಗಾಲಿಗಳ ನಡುವೆ

ಬಣ್ಣ ನೋಡುವವರ ಕಣ್ಣಿಗೆ, ಮುಂದಿನ ಸಸ್ಪೆನ್ಶನ್ ಕೂತವರ ಜೀವಕ್ಕೆ. ಫಿಯಾಟಿನ ಹಿಂದುಗಡೆ ಪಾಟಾ ಸ್ಪ್ರಿಂಗ್ ಇದ್ದರೆ ಮುಂದುಗಡೆ ಎರಡೂ ಗಾಲಿ ಬೇರೆಬೇರೆಯಾಗಿ ಏರಿಳಿಯುತ್ತವೆ: ಮೇಲೊಂದು ಕೆಳಗೊಂದು ವಿಶ್‌ಬೋನ್ ತೋಳು, ನಡುವೆ ಕಾಯಿಲ್ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಗಾಲಿ ತಿರುಗಲು ಕಿಂಗ್ ಪಿನ್. ಐವತ್ತರ ದಶಕದ ಮನೆಗಾಡಿಗೆ ಇದು ಒಳ್ಳೆಯ ವ್ಯವಸ್ಥೆ. ಅದು ಬೇಡುವುದು ನಿಯಮಿತ ಗ್ರೀಸನ್ನು, ವರ್ಷಗಟ್ಟಲೆ ನಿಂತ ಗಾಡಿಗೆ ಸಿಗದೇ ಹೋಗುವುದೂ ಅದೇ.

ಸವೆತ ಎಲ್ಲಿದೆ ಎಂದು ತಿಳಿಯಲು ಗಾಲಿಯನ್ನು ನೆಲದಿಂದೆತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಬೇಕು. ‘ಪ್ಲೇ’, ಅಂದರೆ ಸಡಿಲ ಆಟ, ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲುಗಿಸುವುದು. ಈಗ ಅದು ಮಾಯವಾದರೆ ದೋಷ ಬೇರಿಂಗಿನದು, ಉಳಿದರೆ ಕಿಂಗ್ ಪಿನ್ನಿನದು ಅಥವಾ ಬುಶ್ಶಿನದು. ಎಡಬಲ ಹಿಡಿದು ಅಲುಗಿಸಿದಾಗ ಮಾತ್ರ ಕಾಣುವ ಪ್ಲೇ ಬಹುತೇಕ ಸ್ಟಿಯರಿಂಗ್ ಕೀಲುಗಳದ್ದು.

ಬಿಚ್ಚುವಾಗ ಕಾಯಿಲ್ ಸ್ಪ್ರಿಂಗಿಗೆ ಹೆದರಲೇಬೇಕು. ಅದುಮಿಟ್ಟ ಸ್ಪ್ರಿಂಗ್ ಹಾರಿದರೆ ಮೂಳೆ ಮುರಿಯುತ್ತದೆ. ಸರಿಯಾದ ಸ್ಪ್ರಿಂಗ್ ಕಂಪ್ರೆಸರ್, ಗಟ್ಟಿ ನೆಲದ ಮೇಲೆ ಭಾರ ತಡೆಯುವ ಸ್ಟ್ಯಾಂಡು ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಇಟ್ಟಿಗೆ, ಕಲ್ಲು, ಬರೀ ಜಾಕಿನ ಆಧಾರದಲ್ಲಿ ಗಾಡಿಯ ಕೆಳಗೆ ತೂರಲೇಬಾರದು. ಎರಡೂ ಬದಿ ಒಟ್ಟಿಗೆ ಬಿಚ್ಚದಿದ್ದರೆ ಇನ್ನೊಂದು ಬದಿಯೇ ಜೋಡಣೆಯ ನಕಾಶೆಯಾಗುತ್ತದೆ. ಬದಲಿಸುವಾಗ ಮಾತ್ರ ಎರಡೂ ಬದಿಗೆ ಜೋಡಿಯಾಗಿಯೇ ಹೊಸದು ಹಾಕಬೇಕು.

ಕಿಂಗ್ ಪಿನ್ನಿನ ಹೊಸ ಬುಶ್ ಒತ್ತಿ ಕೂರಿಸಿದ ಮೇಲೆ ಪಿನ್ ಬಿಗಿಯಾಗಿ, ಆದರೆ ತಡೆಯಿಲ್ಲದೆ ತಿರುಗುವಷ್ಟು, ತೂತನ್ನು ಹಿಗ್ಗಿಸಿ ನಯಗೊಳಿಸುವ ರೀಮರ್ ಆಡಿಸಬೇಕು. ಇದು ಲೇತ್ ಅಂಗಡಿಯವರ ಕೈಚಳಕ. ಬುಶ್ಶಿನ ತೂತು ಗ್ರೀಸ್ ನಿಪ್ಪಲ್ಲಿನ ತೂತಿಗೆ ಸರಿಯಾಗಿ ಕೂಡದಿದ್ದರೆ ಎಷ್ಟು ಗ್ರೀಸ್ ಒತ್ತಿದರೂ ಒಳಗೆ ಹೋಗದು. ರಬ್ಬರ್ ಬುಶ್ ಇರುವ ಕಡೆ ಬೋಲ್ಟಿನ ಕೊನೆಯ ಬಿಗಿತ ಗಾಡಿ ತನ್ನ ಗಾಲಿಯ ಮೇಲೆ ನಿಂತ ಮೇಲೆಯೇ. ಗಾಲಿ ತೂಗಾಡುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬಿಚ್ಚಿದ ಕಾಟರ್ ಪಿನ್ ಮತ್ತೆ ಹಾಕಬಾರದು, ಹಳೆಯ ಬ್ರೇಕ್ ಹೋಸನ್ನೂ ನಂಬಬಾರದು. ಎಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್.

ಕಾಯ್ದೆಯೂ ಕಸುಬಿನ ಪರವಾಗಿದೆ

2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು, ಬೈಕುಗಳಿಗೆ ವಿಂಟೇಜ್ ಮಾನ್ಯತೆ ಕೊಡುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಗುರುತು. ಅಂಥ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ, ರಿಪೇರಿಗೆ ರಸ್ತೆಗಿಳಿಸಬಹುದು. ಮುಖ್ಯವಾದ ಷರತ್ತು, ಚಾಸಿ, ಬಾಡಿ, ಎಂಜಿನ್ನಿನ ಮೂಲ ರೂಪವನ್ನು ಗಣನೀಯವಾಗಿ ಬದಲಿಸಿರಬಾರದು. 1974ರ ಮೊದಲ ಪದ್ಮಿನಿಗಳು ಈಗ ಈ ವಯಸ್ಸು ದಾಟಿವೆ. ಇದ್ದದ್ದನ್ನು ಇದ್ದಂತೆಯೇ ಉಳಿಸುವ ಅಂಗಳದ ಕೆಲಸಗಾರನಿಗೆ ಕಾಯ್ದೆಯ ಬೆಂಬಲವಿದೆ.

ಉಳಿಸಿದ ಗಾಡಿ ಹೇಗಿರುತ್ತದೆಂದು ನೋಡಬಯಸುವವರಿಗೆ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯವಿದೆ, ಮೈಸೂರು-ಬೆಂಗಳೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ ‘ಪಯಣ’ ಕಾರು ಸಂಗ್ರಹಾಲಯವಿದೆ. ಆದರೆ ಗಾಡಿಗಳ ಜೊತೆಗೆ ಕೈಗಳೂ ಉಳಿಯಬೇಕು. ಈಗಿನ ಗ್ಯಾರೇಜುಗಳಲ್ಲಿ ಕೆಟ್ಟ ಭಾಗವನ್ನು ತಿದ್ದುವುದಕ್ಕಿಂತ ಇಡಿಯಾಗಿ ಬದಲಿಸುವುದೇ ಹೆಚ್ಚು. ಡಾಲಿ ಹಿಡಿಯಬಲ್ಲ, ಕಿಂಗ್ ಪಿನ್ನಿಗೆ ರೀಮರ್ ಆಡಿಸಬಲ್ಲ ಹಿರಿಯರು ದೌಂಡದಲ್ಲಿರಲಿ, ದಾವಣಗೆರೆಯಲ್ಲಿರಲಿ, ಕೆಲಸ ಬಿಟ್ಟು ಮನೆ ಸೇರುತ್ತಿದ್ದಾರೆ. ಅಜ್ಜನ ಫಿಯಾಟ್ ಶೆಡ್ಡಿನಲ್ಲಿ ನಿಂತಿದ್ದರೆ ಬಣ್ಣದ ಅಂಗಡಿಗೆ ಹೋಗುವ ಮುನ್ನ ಅಂಥ ಒಬ್ಬರನ್ನು ಕರೆತನ್ನಿ. ಅವರ ಪಕ್ಕದಲ್ಲಿ ಕೂತು ಮೊದಲು ಸಿಲ್ ಗಟ್ಟಿ ಮಾಡಿ, ಆಮೇಲೆ ಮುಂದಿನ ಗಾಲಿ ನೇರ ಮಾಡಿ. ಬಣ್ಣಕ್ಕೆ ಅವಸರವಿಲ್ಲ, ಅವರಿಂದ ಕಲಿಯುವುದಕ್ಕೆ ಇದೆ.