ಸಂಡಿಗೆ ಪಕ್ಕದಲ್ಲಿ ಗಗನಯಾತ್ರಿಗಳು

ಫಾಲ್ಗುಣ ಕಳೆಯುವ ಹೊತ್ತಿಗೆ ಮೈಸೂರಿನ ಹಳೇ ಬಡಾವಣೆಗಳಲ್ಲಿ ತಾರಸಿಯ ಬಿಸಿಲಿಗೆ ಹಕ್ಕುದಾರರು ಜಾಸ್ತಿ. ಪಕ್ಕದ ಮನೆಯಲ್ಲಂತೂ ಈ ಸಲ ಎರಡು ಪಾಳಯ. ಒಂದು ಕಡೆ ಹಳೇ ಪಂಚೆಯ ಮೇಲೆ ಸಾಲು ಸಾಲಾಗಿ ಅಕ್ಕಿ ಸಂಡಿಗೆ, ಮೊರದ ತುಂಬ ಮಜ್ಜಿಗೆ ಮೆಣಸಿನಕಾಯಿ, ಕಾಗೆ ಬರದಿರಲೆಂದು ಬಿಚ್ಚಿಟ್ಟ ಕಪ್ಪು ಛತ್ರಿ. ಇನ್ನೊಂದು ಕಡೆ ಎರಡು ಅಗಲ ಬಾಯಿಯ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ. ಒಳಗೆ ನೀರಿನ ಹಾಗೇ ಕಾಣುವ ದ್ರಾವಣ. ಅದರಲ್ಲಿ ಮುಳುಗಿರುವುದು ಲೆಗೊ ಇಟ್ಟಿಗೆ, ಚಪ್ಪಟೆ ಹಲಗೆ, ಪುಟ್ಟ ಹೆಲ್ಮೆಟ್ಟು, ತಲೆ ಕಳಚಿದ ಇಬ್ಬರು ಗಗನಯಾತ್ರಿಗಳು.

“ಆ ಔಷಧಿ ನೀರು ನನ್ನ ಸಂಡಿಗೆ ಹತ್ರ ತರಬೇಡ ಕಣೋ.”

“ಇಲ್ಲಮ್ಮ, ಇಲ್ಲೇ ಇರುತ್ತೆ.”

ಉತ್ತರ ಕೊಟ್ಟ ಮಗರಾಯನಿಗೆ ಐವತ್ತರ ಆಸುಪಾಸು. ವಾರವಿಡೀ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳಿಗೆ ಸಹಿ ಹಾಕುವವರು, ಭಾನುವಾರ ರಬ್ಬರ್ ಗ್ಲೌಸು ತೊಟ್ಟು, ಕಣ್ಣಿಗೆ ಕನ್ನಡಕ ಏರಿಸಿ, ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ನಮ್ಮ ತಾರಸಿಗೂ ಅವರದಕ್ಕೂ ನಡುವೆ ಇರುವುದು ಮೊಣಕಾಲೆತ್ತರದ ಗೋಡೆ ಮಾತ್ರ. ನೋಡುವುದಕ್ಕೆ ಅಷ್ಟು ಸಾಕು.

ಆಟಿಕೆ ಕುವೈತಿನಲ್ಲಿದ್ದ ಸೋದರಮಾವ ತಂದದ್ದು, ಎಂಬತ್ತರ ದಶಕದಲ್ಲಿ. ಲೆಗೊ ಕಂಪನಿಯ ಬಾಹ್ಯಾಕಾಶ ಸರಣಿ 1978ರಲ್ಲಿ ಶುರುವಾಯಿತು. ಮರುವರ್ಷ ಬಂದ ‘ಗ್ಯಾಲಕ್ಸಿ ಎಕ್ಸ್‌ಪ್ಲೋರರ್’ ಎಂಬ ನೌಕೆ ಇದು. ನೀಲಿ ರೆಕ್ಕೆ, ಬೂದು ಒಡಲು, ಹಳದಿ ಗಾಜಿನ ಹಾಗಿರುವ ಕಿಟಕಿ, ಜೊತೆಗೆ ನಾಲ್ವರು ಗಗನಯಾತ್ರಿಗಳು: ಇಬ್ಬರು ಕೆಂಪು, ಇಬ್ಬರು ಬಿಳಿ. ಆ ಬಿಳಿಯವರಿಬ್ಬರೂ ಈಗ ಕಾಯಿಸಿದ ಬೆಣ್ಣೆಯ ಬಣ್ಣಕ್ಕೆ ತಿರುಗಿದ್ದಾರೆ. ಬೂದು ಇಟ್ಟಿಗೆಗಳು ಕಂದಿ ಕಂದುಬಣ್ಣ. ನೀಲಿ ರೆಕ್ಕೆಯ ಅಂಚಿನಲ್ಲಿ ಹಸಿರಿನ ಛಾಯೆ, ಹಳದಿ ನೀಲಿಯ ಮೇಲೆ ಕೂತರೆ ಆಗುವುದೇ ಅದು.

ಮೊದಲು ಎಲ್ಲರೂ ಇದನ್ನು ಕೊಳೆ ಅಂದುಕೊಳ್ಳುತ್ತಾರೆ. ಅಮ್ಮನ ಸಲಹೆ, ಹುಣಸೆಹಣ್ಣು ಹಾಕಿ ತಿಕ್ಕು ಅಂತ. ಮಗ ಉಗುರುಬೆಚ್ಚಗಿನ ಸೋಪು ನೀರು, ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಕೂತರು. ನೀರು 40 ಡಿಗ್ರಿ ದಾಟಬಾರದು ಎಂದು ಕಂಪನಿಯದೇ ಕಟ್ಟಪ್ಪಣೆ. ಧೂಳು, ಜಿಡ್ಡು, ಗುಬುಟುಗಳ ಸಂದಿಯಲ್ಲಿದ್ದ ಬಿಸ್ಕತ್ತಿನ ಪುಡಿ ಎಲ್ಲ ಹೋಯಿತು. ಹಳದಿ ಕದಲಲಿಲ್ಲ, ಬದಲಿಗೆ ಇನ್ನಷ್ಟು ಸ್ವಚ್ಛವಾಗಿ ಕಂಡಿತು.

ಅದು ಮೈಗೆ ಹತ್ತಿದ್ದಲ್ಲ, ಮೈಯೊಳಗೇ ಹುಟ್ಟಿದ್ದು. 1963ರಿಂದ ಲೆಗೊ ಇಟ್ಟಿಗೆ ತಯಾರಾಗುತ್ತಿರುವುದು ಎಬಿಎಸ್ ಪ್ಲಾಸ್ಟಿಕ್ಕಿನಲ್ಲಿ. ಅಕ್ರಿಲೋನೈಟ್ರೈಲ್, ಬ್ಯೂಟಡೈಯೀನ್, ಸ್ಟೈರೀನ್ ಎಂಬ ಮೂವರ ಕೂಡುಕುಟುಂಬ. ಬಿದ್ದರೂ ಒಡೆಯದ ಗಟ್ಟಿತನ ಕೊಡುವುದು ನಡುವಿನ ಬ್ಯೂಟಡೈಯೀನ್, ರಬ್ಬರಿನ ಗುಣದ್ದು. ಮನೆಯ ಮಾನ ಕಳೆಯುವುದೂ ಅದೇ. ಬಿಸಿಲಿನ ನೇರಳಾತೀತ ಕಿರಣ, ಸೆಕೆ, ಗಾಳಿಯ ಆಮ್ಲಜನಕ ಸೇರಿ ಅದನ್ನು ಕೆಣಕುತ್ತವೆ. ಹಾಗೆ ಕೆಣಕಿದಾಗ ಮೇಲ್ಪದರದಲ್ಲಿ ಹುಟ್ಟುವ ಹೊಸ ಅಣುಗಳು ನೀಲಿ ಬೆಳಕನ್ನು ನುಂಗುತ್ತವೆ, ಉಳಿದದ್ದು ನಮಗೆ ಹಳದಿಯಾಗಿ ಕಾಣುತ್ತದೆ. ಹಳೇ ಕಂಪ್ಯೂಟರುಗಳ ಪೆಟ್ಟಿಗೆಯಲ್ಲಾದರೆ ಬೆಂಕಿ ಹತ್ತದಿರಲೆಂದು ಬೆರೆಸಿದ ಬ್ರೋಮಿನ್ ಸಂಯುಕ್ತಗಳ ಮೇಲೂ ಬಹುಕಾಲದಿಂದ ಅನುಮಾನವಿದೆ.

ಹಳದಿ ಮೇಲ್ಪದರದ ವ್ಯವಹಾರ ಎಂಬುದಕ್ಕೆ ಅವರು ನನಗೆ ಗೋಡೆಯಾಚೆಯಿಂದ ಒಂದು ಹಲಗೆ ಚಾಚಿ ತೋರಿಸಿದರು. ಅಂಗೈಯಗಲದ ಬೂದು ಹಲಗೆ. ಹೊರಗೆ ತೆರೆದಿದ್ದ ಭಾಗವೆಲ್ಲ ಕಂದು. ನಡುವೆ ಮಾತ್ರ, ನಲವತ್ತು ವರ್ಷ ಇನ್ನೊಂದು ಇಟ್ಟಿಗೆ ಕೂತಿದ್ದ ಕಡೆ, ಅಚ್ಚುಕಟ್ಟಾದ ಆಯತಾಕಾರದಲ್ಲಿ ಮೊದಲ ದಿನದ ಬೂದು. ಎಂಟು ಗುಬುಟುಗಳೂ ಹೊಸದರಂತೆ ಹೊಳೆಯುತ್ತಿದ್ದವು. ಬೇರೆ ಬೂದು ಇಟ್ಟಿಗೆ ಕೊಂಡು ಹಾಕಬಹುದಲ್ಲ ಎಂದೆ. ಆಗುವುದಿಲ್ಲವಂತೆ. 2004ರ ಹೊತ್ತಿಗೆ ಕಂಪನಿ ತನ್ನ ಬೂದುಬಣ್ಣವನ್ನೇ ಬದಲಿಸಿತು. ಈಗಿನದರಲ್ಲಿ ನೀಲಿ ಮಿಶ್ರ, ಹಳೆಯದರ ಪಕ್ಕದಲ್ಲಿಟ್ಟರೆ ತೇಪೆ ಹಾಕಿದ್ದು ಬೀದಿಗೇ ಕಾಣುತ್ತದೆ.

ಡಬ್ಬದಲ್ಲಿರುವ ದ್ರಾವಣ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್. ಬಾಟಲಿಯ ಮೇಲೆ ‘20 ವಾಲ್ಯೂಮ್’ ಎಂದಿರುತ್ತದೆ. ಒಂದು ಲೀಟರ್ ದ್ರಾವಣ ಒಡೆದರೆ ಇಪ್ಪತ್ತು ಲೀಟರ್ ಆಮ್ಲಜನಕ ಹೊರಬರುತ್ತದೆ ಎಂಬ ಲೆಕ್ಕ ಅದು, ಶೇಕಡಾವಾರು ಹೇಳಿದರೆ 6. ಈ ವಿದ್ಯೆ 2008ರ ಸುಮಾರಿಗೆ ಹಳೇ ಕಂಪ್ಯೂಟರು ಜೋಪಾನ ಮಾಡುವ ಪಾಶ್ಚಾತ್ಯ ಹವ್ಯಾಸಿಗಳಲ್ಲಿ ಹಬ್ಬಿತು, ‘ರೆಟ್ರೋಬ್ರೈಟ್’ ಎಂಬ ಹೆಸರೂ ಅಂಟಿತು. ಪೆರಾಕ್ಸೈಡಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ಬಣ್ಣ ತರುವ ಆ ಅಣುಗಳು ಮುರಿಯುತ್ತವೆ. ಹಳದಿ ಮಾಡಿದ ಬಿಸಿಲೇ ಹಳದಿ ಬಿಡಿಸಲೂ ಬೇಕು. ಕೆಲವು ತುಂಡುಗಳು ಪೆರಾಕ್ಸೈಡೇ ಇಲ್ಲದೆ ಬರೀ ಬಿಸಿಲಿಗೆ ತಿಳಿಯಾದದ್ದೂ ಉಂಟು.

ಹತ್ತು ಗಂಟೆ. ಬಿಸಿಲು ಏರುತ್ತಿದ್ದಂತೆ ಇಟ್ಟಿಗೆಗಳ ಹೊಟ್ಟೆಯೊಳಗಿನ ಕೊಳವೆಗಳಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕಟ್ಟುತ್ತವೆ. ಒಂದಕ್ಕೊಂದು ಕೂಡಿ ದೊಡ್ಡದಾಗುತ್ತವೆ. ನೋಡುತ್ತಿದ್ದ ಹಾಗೇ ತಳದಲ್ಲಿದ್ದ ಬಿಳಿ ಹೆಲ್ಮೆಟ್ಟು ಮಗ್ಗುಲು ಬದಲಿಸಿ, ತೂರಾಡುತ್ತ ಮೇಲಕ್ಕೆ ಬಂದು ತೇಲತೊಡಗಿತು. ಇದು ಕೆಟ್ಟ ಸೂಚನೆ. ತೇಲಿದ್ದು ತೇಲಿದಂತೆಯೇ ಬಿಟ್ಟರೆ ನೀರಿನ ಮಟ್ಟ ಎಲ್ಲಿತ್ತೋ ಅಲ್ಲಿ ಗೆರೆ ಬೀಳುತ್ತದೆ, ಕೆಳಗೆ ಬಿಳಿ, ಮೇಲೆ ಹಳದಿ. ಮಗ ಬೆರಳಲ್ಲಿ ಒತ್ತಿದರು. ಇನ್ನೊಂದು ಎದ್ದಿತು. ಅದನ್ನೊತ್ತಿದರೆ ಮತ್ತೆರಡು.

ಅಮ್ಮ ಅಲ್ಲಿಯವರೆಗೆ ಸಂಡಿಗೆ ಮಗುಚುತ್ತಲೇ ಓರೆಗಣ್ಣಲ್ಲಿ ನೋಡುತ್ತಿದ್ದರು. ಎದ್ದು ಕೆಳಗೆ ಹೋಗಿ ಅಕ್ಕಿ ತೊಳೆಯುವ ಪ್ಲಾಸ್ಟಿಕ್ ಬುಟ್ಟಿ ತಂದು, “ಬೋರಲು ಹಾಕು, ಮೇಲೆ ಗಾಜಿನ ಬಟ್ಟಲು ಇಡು, ಏಳಲ್ಲ,” ಎಂದರು. ಬೋರಲು ಹಾಕಿದ್ದಾಯಿತು. ಎಲ್ಲ ತಣ್ಣಗೆ ತಳಕ್ಕೆ ಕೂತವು. “ಆ ಬುಟ್ಟಿ ಮಾತ್ರ ವಾಪಸ್ ಅಡುಗೆಮನೆಗೆ ಬರಕೂಡದು.”

ನನಗೆ ಅನ್ನಿಸುವುದು, ಈ ಕಸುಬಿನಲ್ಲಿ ರಸಾಯನ ಅರ್ಧ, ಬಿಸಿಲು ಕಾಯುವುದು ಅರ್ಧ. ಆ ಎರಡನೆಯ ಅರ್ಧದಲ್ಲಿ ಅಮ್ಮನಿಗೆ ಸಮನಾದವರು ಈ ಬೀದಿಯಲ್ಲಿಲ್ಲ. ಸಿಂಟೆಕ್ಸಿನ ನೆರಳು ಎಷ್ಟು ಗಂಟೆಗೆ ಯಾವ ಅಂಚಿಗೆ ಬರುತ್ತದೆ, ಎದುರುಮನೆ ತೆಂಗಿನ ಗರಿ ಯಾವಾಗ ಅಡ್ಡ ಬೀಳುತ್ತದೆ, ಎಲ್ಲ ಅವರ ಬಾಯಲ್ಲಿದೆ. ಡಬ್ಬ ಎರಡು ಸಲ ಜಾಗ ಬದಲಿಸಿದ್ದು ಅವರ ಹುಕುಂ ಮೇಲೆ. ಗಂಟೆಗೊಮ್ಮೆ ಮಗುಚು ಎಂದವರೂ ಅವರೇ. ಮಗುಚದಿದ್ದರೆ ಸಂಡಿಗೆ ಒಂದು ಮಗ್ಗುಲು ಹಸಿ ಉಳಿಯುತ್ತದೆ, ಇಟ್ಟಿಗೆ ಒಂದು ಮಗ್ಗುಲು ಹಳದಿ ಉಳಿಯುತ್ತದೆ.

ಹೋದ ವರ್ಷ ಇದೇ ತಾರಸಿಯಲ್ಲಿ ತೊಂಬತ್ತರ ದಶಕದ ಟಿವಿ ಗೇಮಿನ ಪೆಟ್ಟಿಗೆಗೆ ಬೇರೆ ಉಪಚಾರ ನಡೆದಿತ್ತು. ಮುಳುಗಿಸಲು ಅದು ದೊಡ್ಡದು. ಬ್ಯೂಟಿ ಪಾರ್ಲರಿನವರು ಕೂದಲಿಗೆ ಬಳಸುವ ಡೆವಲಪರ್ ಕ್ರೀಮು, 40 ವಾಲ್ಯೂಮಿನದು, ಅಂದರೆ ಶೇ. 12ರಷ್ಟು ಖಾರ, ಬ್ರಷ್ಷಿನಲ್ಲಿ ಬಳಿದು ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿದರು. ಹಾಳೆ ಸುಕ್ಕಾದ ಕಡೆಯೆಲ್ಲ ಕ್ರೀಮು ದಪ್ಪ ತೆಳುವಾಗಿ, ತೆಗೆದಾಗ ಪೆಟ್ಟಿಗೆಯ ಮೈತುಂಬ ಅಮೃತಶಿಲೆಯ ಗೆರೆಗಳು. ಅವು ಇವತ್ತಿಗೂ ಹೋಗಿಲ್ಲ. ಗ್ಲೌಸಿನ ತೂತಿನಿಂದ ಒಳಹೊಕ್ಕ ಕ್ರೀಮು ಬೆರಳ ತುದಿಯನ್ನು ಚುರುಗುಟ್ಟಿಸಿ ಬೆಳ್ಳಗೆ ಮಾಡಿತ್ತು. ಅದೇನೋ ಸಂಜೆಯೊಳಗೆ ಸರಿಹೋಯಿತು. ಕಣ್ಣಿಗೆ ಸಿಡಿದಿದ್ದರೆ ಹಾಗಿರುತ್ತಿರಲಿಲ್ಲ. ಮಕ್ಕಳಿರುವ ಮನೆಯಲ್ಲಿ ಡಬ್ಬ ಬಿಟ್ಟು ಕದಲಬಾರದು. ಮುಚ್ಚಳವನ್ನು ಬಿಗಿಯಾಗಿ ಜಡಿಯಲೂಬಾರದು, ಗಾಳಿ ತುಂಬಿ ಸಿಡಿಯುತ್ತದೆ.

ಮಧ್ಯಾಹ್ನ ಊಟ ಮುಗಿಸಿ ಬಂದಾಗ ಬೂದು ಹಲಗೆಯ ನಡುವಿನ ಆಯತ ಹುಡುಕಬೇಕಾಯಿತು. ಸುತ್ತಲ ಬಣ್ಣ ಅದರ ಹತ್ತಿರ ಹತ್ತಿರ ಬಂದಿತ್ತು. ನೀಲಿ ರೆಕ್ಕೆಗಳನ್ನು ಅವರು ಆಗಲೇ ಹೊರಗೆ ತೆಗೆದಿದ್ದರು. ನೀಲಿಗೆ ಉಪಚಾರ ಹೆಚ್ಚಾದರೆ ಮೇಲೆ ಸುಣ್ಣ ಬಳಿದಂಥ ಮಂಕು ಬರುತ್ತದೆ, ಅದಕ್ಕೆ ಮದ್ದಿಲ್ಲ. ಕಿಟಕಿಯ ಪಾರದರ್ಶಕ ತುಂಡು ಬೇರೆಯೇ ಪ್ಲಾಸ್ಟಿಕ್ಕು, ಅದನ್ನಂತೂ ಡಬ್ಬಕ್ಕೇ ಹಾಕಿರಲಿಲ್ಲ.

ಪೀಕಲಾಟ ಗಗನಯಾತ್ರಿಗಳದು. ಎದೆಯ ಮೇಲೆ ಚಿನ್ನದ ಬಣ್ಣದಲ್ಲಿ ಒಂದು ಗ್ರಹ, ಅದನ್ನು ಸುತ್ತುವ ನೌಕೆ. ಒಬ್ಬನ ಎದೆಯಲ್ಲಿ ಅರ್ಧ ಗ್ರಹವನ್ನು ಬಾಲ್ಯದ ಹೆಬ್ಬೆರಳು ಆಗಲೇ ಸವೆಸಿದೆ. ಚಿತ್ರಕ್ಕೆ ಟೇಪು ಅಂಟಿಸಿದರೆ ಅದರಡಿ ಹಳದಿ ಹಾಗೇ ಉಳಿಯುತ್ತದೆ, ಬಿಟ್ಟರೆ ಚಿನ್ನ ಅಳಿಯಬಹುದು. ಅವರು ಅರ್ಧಗಂಟೆಗೊಮ್ಮೆ ಎತ್ತಿ, ಗುರಾಣಿಯಂತೆ ಅಂಗೈ ಅಡ್ಡ ಹಿಡಿದು, ಕನ್ನಡಕ ಹಣೆಗೇರಿಸಿ ನೋಡುತ್ತಿದ್ದರು. ಕೊನೆಗೆ ಪೂರ್ತಿ ಬೆಳ್ಳಗಾಗುವ ಮೊದಲೇ ಇಬ್ಬರನ್ನೂ ತೆಗೆದು ನಲ್ಲಿ ನೀರಿನಲ್ಲಿ ತೊಳೆದರು. ತಿಳಿ ಕೆನೆಬಣ್ಣ, ಗ್ರಹ ಕ್ಷೇಮ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಸಂಜೆ ಅಮ್ಮ ಪಂಚೆಯ ನಾಲ್ಕು ತುದಿ ಹಿಡಿದು ಸಂಡಿಗೆ ಒಟ್ಟುಗೂಡಿಸುತ್ತ ಕೇಳಿದರು, “ಮತ್ತೆ ಹಳದಿ ಆಗಲ್ವೇನೋ?”

“ಆಗಬಹುದಮ್ಮ. ಕೆಲವು ಎರಡು ಮೂರು ವರ್ಷಕ್ಕೇ ತಿರುಗುತ್ವೆ.”

“ಎಲ್ಲಿಡ್ತೀಯ?”

“ಹಾಲಿನ ಶೋಕೇಸಲ್ಲಿ.”

“ಅಲ್ಲಿ ಮೂರು ಗಂಟೆ ಮೇಲೆ ಬಿಸಿಲು ಹೊಡೆಯುತ್ತೆ. ಬೊಂಬೆ ಪೆಟ್ಟಿಗೇಲಿ ಇಡು. ತಂಪಾಗಿರುತ್ತೆ, ಕತ್ತಲೂ ಇರುತ್ತೆ.”

ಕತ್ತಲಲ್ಲೂ ಹಳದಿ ಪೂರ್ತಿ ನಿಲ್ಲುವುದಿಲ್ಲ ಎಂದು ಮಗನಿಗೆ ಗೊತ್ತು. ಆದರೂ ಶೋಕೇಸಿಗಿಂತ ಬೊಂಬೆ ಪೆಟ್ಟಿಗೆ ವಾಸಿ ಎಂಬುದೂ ಗೊತ್ತು. “ಹಾಗಾದ್ರೆ ದಸರಾಕ್ಕೆ ಹೊರಗೆ ಕೂರಿಸ್ತೀನಿ.”

“ಕೂರಿಸು. ಪಟ್ಟದ ಬೊಂಬೆ ಸಾಲಲ್ಲಿ ಅಲ್ಲ, ಕೆಳಗಿನ ಮೆಟ್ಟಿಲು.”

“ಹಾರೋ ನೌಕೆ ಅಮ್ಮ, ಕೆಳಗಿಟ್ರೆ ಹೇಗೆ?”

“ಸರಿ, ಕೆಳಗಿಂದ ಎರಡನೇದು. ಶೆಟ್ಟರ ಅಂಗಡಿ ಪಕ್ಕ.”