ಫ್ಲ್ಯಾಶ್ ಸ್ಮೃತಿಯ ಅನುವಾದ ಪದರ: ವಿನ್ಯಾಸದ ತಾತ್ವಿಕ ನೆಲೆ

ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕಾ 1984ರಲ್ಲಿ ಫ್ಲ್ಯಾಶ್ ಸ್ಮೃತಿಯನ್ನು ವಿದ್ವತ್ ಲೋಕದ ಮುಂದಿಟ್ಟಾಗ ಕಾರ್ಯಾಚರಣ ವ್ಯವಸ್ಥೆಗಳು ಕಾಂತೀಯ ಡಿಸ್ಕಿಗೆ ಒಗ್ಗಿಹೋಗಿದ್ದವು. ಡಿಸ್ಕಿನಲ್ಲಿ ಬರೆದ ಜಾಗದಲ್ಲೇ ಮತ್ತೆ ಬರೆಯಬಹುದು. ನ್ಯಾಂಡ್ ಬಗೆಯ ಫ್ಲ್ಯಾಶ್‌ಗೆ ಈ ಗುಣವಿಲ್ಲ. ಅದರಲ್ಲಿ ಓದು-ಬರಹಗಳು ಪುಟದ ಲೆಕ್ಕದಲ್ಲಿಯೂ ಅಳಿಸುವಿಕೆಯು ಅನೇಕ ಪುಟಗಳುಳ್ಳ ಖಂಡದ ಲೆಕ್ಕದಲ್ಲಿಯೂ ನಡೆಯುತ್ತವೆ. ಮೇಲಾಗಿ, ಖಂಡವೊಂದು ತಾಳಬಲ್ಲ ಅಳಿಸುವಿಕೆಗಳಿಗೆ ಮಿತಿಯಿದೆ. ಕೋಶಕ್ಕೆ ಒಂದು ಬಿಟ್ ಹಿಡಿಸುವ ಚಿಪ್‌ಗಳಲ್ಲಿ ಈ ಮಿತಿ ಸುಮಾರು 1,00,000. ಮೂರು ಬಿಟ್ ಹಿಡಿಸುವವುಗಳಲ್ಲಿ ಕೆಲವೇ ಸಾವಿರ.

ಈ ಎರಡು ಸ್ವಭಾವಗಳ ನಡುವೆ ನಿಲ್ಲುವುದೇ ಅನುವಾದ ಪದರ. ಎಂ-ಸಿಸ್ಟಮ್ಸ್ ಸಂಸ್ಥೆಯ ಅಮೀರ್ ಬಾನ್ ಅವರಿಗೆ 1995ರಲ್ಲಿ ದೊರೆತ ಅಮೆರಿಕದ ಪೇಟೆಂಟ್ ಇದರ ಆರಂಭಿಕ ವಿನ್ಯಾಸಗಳಲ್ಲೊಂದು. ಹೊಸ ದತ್ತಾಂಶವನ್ನು ಖಾಲಿ ಪುಟದಲ್ಲಿ ಬರೆದು, ಹಳೆಯ ಪುಟವನ್ನು ಅಸಿಂಧುವೆಂದು ಗುರುತಿಸಿ, ತಾರ್ಕಿಕ ವಿಳಾಸವು ಈಗ ಯಾವ ಭೌತಿಕ ಪುಟದಲ್ಲಿದೆಯೆಂಬುದನ್ನು ಕೋಷ್ಟಕದಲ್ಲಿ ನಮೂದಿಸುವುದು ಇದರ ಮೂಲತತ್ತ್ವ.

ಮೊದಲ ಪ್ರಶ್ನೆ ಕೋಷ್ಟಕದ ಗಾತ್ರದ್ದು. 4 ಕಿಲೋಬೈಟ್‌ನ ಪ್ರತಿ ಪುಟಕ್ಕೆ 4 ಬೈಟ್‌ಗಳ ನಮೂದೆಂದರೆ, 1 ಟೆರಾಬೈಟ್ ಸಂಗ್ರಹಕ್ಕೆ 1 ಗಿಗಾಬೈಟ್ ಕೋಷ್ಟಕ ಬೇಕು. ಖಂಡಕ್ಕೊಂದೇ ನಮೂದಿಟ್ಟರೆ ಕೋಷ್ಟಕ ಕಿರಿದಾಗುತ್ತದೆ. ಆದರೆ ಒಂದು ಪುಟದ ತಿದ್ದುಪಡಿಗೆ ಇಡೀ ಖಂಡವನ್ನು ನಕಲಿಸಬೇಕಾದೀತು. ಇವೆರಡರ ನಡುವಿನ ಮಿಶ್ರ ವಿಧಾನಗಳೂ ಬಳಕೆಗೆ ಬಂದಿವೆ.

ಎರಡನೆಯದು ಅಸಿಂಧು ಪುಟಗಳ ಮರುವಶ. 64 ಪುಟಗಳ ಖಂಡವೊಂದರಲ್ಲಿ 48 ಪುಟಗಳು ಇನ್ನೂ ಸಿಂಧುವಾಗಿದ್ದರೆ, ಅಳಿಸುವ ಮುನ್ನ ಅವುಗಳನ್ನು ಬೇರೆಡೆಗೆ ಸಾಗಿಸಬೇಕು. ದಕ್ಕುವುದು 16 ಪುಟಗಳ ಜಾಗ ಮಾತ್ರ. ಬಳಕೆದಾರನ 16 ಪುಟಗಳ ಬರಹಕ್ಕೆ ಚಿಪ್ಪಿನಲ್ಲಿ 64 ಪುಟಗಳ ಬರಹ. ಅಂದರೆ ಸವೆತ ನಾಲ್ಕು ಪಟ್ಟು. ಆದ್ದರಿಂದಲೇ ವಿನ್ಯಾಸಕಾರರು ಒಂದಿಷ್ಟು ಸಾಮರ್ಥ್ಯವನ್ನು ಮೀಸಲಾಗಿ ಉಳಿಸಿಕೊಳ್ಳುತ್ತಾರೆ. ಅಪರೂಪಕ್ಕೆ ಬದಲಾಗುವ ದತ್ತಾಂಶವನ್ನೂ ಆಗಾಗ ಸ್ಥಳಾಂತರಿಸಿ ಸವೆತವನ್ನು ಎಲ್ಲ ಖಂಡಗಳಿಗೂ ಹಂಚುತ್ತಾರೆ.

ಮೂರನೆಯದು ವಿದ್ಯುತ್ ಕಡಿತ. ಕೋಷ್ಟಕ ನಷ್ಟವಾದರೆ ದತ್ತಾಂಶವಿದ್ದೂ ಇಲ್ಲದಂತೆ. ಇದಕ್ಕೆ ಪರಿಹಾರವಾಗಿ ಪ್ರತಿ ಪುಟದ ಹೆಚ್ಚುವರಿ ಬೈಟ್‌ಗಳಲ್ಲಿ ತಾರ್ಕಿಕ ವಿಳಾಸವನ್ನೂ ಅನುಕ್ರಮ ಸಂಖ್ಯೆಯನ್ನೂ ಬರೆದಿಡುವ ಕ್ರಮವಿದೆ. ಅವನ್ನು ಓದಿ ಕೋಷ್ಟಕವನ್ನು ಮರಳಿ ಕಟ್ಟಬಹುದು.

ಇವೆಲ್ಲಕ್ಕಿಂತ ಮೂಲಭೂತವಾದುದು ಅರಿವಿನ ಕೊರತೆ. ಬಳಕೆದಾರನು ಕಡತವನ್ನು ತೆಗೆದುಹಾಕಿದ ಸಂಗತಿ ಕಡತ ವ್ಯವಸ್ಥೆಗೆ ಗೊತ್ತು, ಪದರಕ್ಕೆ ಗೊತ್ತಿಲ್ಲ. ಅದು ಸತ್ತ ದತ್ತಾಂಶವನ್ನೂ ಜೀವಂತವೆಂದು ಹೊತ್ತು ತಿರುಗುತ್ತದೆ. 2009ರಲ್ಲಿ ವಿಂಡೋಸ್ 7, 2010ರಲ್ಲಿ ಲಿನಕ್ಸ್ 2.6.33 ಅಳವಡಿಸಿಕೊಂಡ ಟ್ರಿಮ್ ಆದೇಶವು ಈ ಸುದ್ದಿಯನ್ನು ಕೆಳಕ್ಕೆ ಮುಟ್ಟಿಸುವ ಏರ್ಪಾಡು. 2008ರಲ್ಲಿ ಲಿನಕ್ಸ್ ಸೇರಿದ ಯುಬಿಐಎಫ್‌ಎಸ್ ಬೇರೆ ಹಾದಿ ಹಿಡಿಯಿತು. ಡಿಸ್ಕಿನ ವೇಷವನ್ನೇ ಕಳಚಿ, ನೇರವಾಗಿ ಕಚ್ಚಾ ಫ್ಲ್ಯಾಶ್‌ಗೆಂದೇ ರೂಪುಗೊಂಡಿತು. ಪದರದ ಹೊಣೆಯನ್ನು ಆತಿಥೇಯ ಗಣಕಕ್ಕೆ ವರ್ಗಾಯಿಸಿದ ಲೈಟ್‌ಎನ್‌ವಿಎಂ 2016ರಲ್ಲಿ ಲಿನಕ್ಸ್ ಸೇರಿ 2021ರಲ್ಲಿ ಹೊರಬಿದ್ದಿತು. ವಲಯಗಳಲ್ಲಿ ಕ್ರಮವಾಗಿಯೇ ಬರೆಯಬೇಕೆಂಬ ಸಾಧನಗಳಿಗೆ 2020ರಲ್ಲಿ ಅಲ್ಲಿ ಬೆಂಬಲ ದೊರೆತಿತು.

ಅನುವಾದ ಪದರವು ಹಳೆಯ ತಂತ್ರಾಂಶವನ್ನು ಬದಲಿಸದೆ ಹೊಸ ಸಾಧನವನ್ನು ಬಳಕೆಗೆ ತಂದಿತು. ಅದು ಮುಚ್ಚಿಟ್ಟ ಭೌತಿಕ ಸತ್ಯದಲ್ಲಿ ಎಷ್ಟನ್ನು ಕಾರ್ಯಾಚರಣ ವ್ಯವಸ್ಥೆಗೆ ತಿಳಿಸಬೇಕೆಂಬುದೇ ಈ ವಿನ್ಯಾಸದ ಕೇಂದ್ರ ಪ್ರಶ್ನೆ ಎನ್ನಬಹುದು.